ಸ್ಟೆಮ್ ಸೆಲ್ ಸಂಶೋಧನೆಯ ಲೆಕ್ಕ ನಾನು ಕೇಳಿದ್ದು ಹೀಗೆ

ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಇಷ್ಟು ಲಕ್ಷ ಬಂತು ಎಂಬ ಸುದ್ದಿ ಪೇಪರಿನಲ್ಲಿ ಬರುತ್ತದೆ. ಆ ಹಣದಲ್ಲಿ ಏನು ಕೊಂಡರು, ಯಾರಿಗೆ ಸಂಬಳ ಹೋಯಿತು, ಎಷ್ಟು ಉಳಿಯಿತು ಎಂಬುದು ಬರುವುದಿಲ್ಲ. ನಾನು ಹಿಂದೆ ಬಿದ್ದದ್ದು ಈ ಎರಡನೆಯದರ ಹಿಂದೆ.

ತೀರ್ಥಹಳ್ಳಿ ಕಡೆಯ ಒಂದು ಸಹಕಾರ ಸಂಘದಲ್ಲಿ ಬಹಳ ವರ್ಷ ಲೆಕ್ಕ ಬರೆದವನು ನಾನು. ಈಗ ಶಿವಮೊಗ್ಗದಲ್ಲಿದ್ದೇನೆ, ಇಲ್ಲಿನ ಒಂದು ವಾರಪತ್ರಿಕೆಗೆ ಬರೆಯುತ್ತೇನೆ. ನಮ್ಮ ಸೊಸೈಟಿಯ ಮಹಾಸಭೆಯಲ್ಲಿ ಸಣ್ಣ ವೋಚರ್‌ಗೂ ಸದಸ್ಯರು ಎದ್ದು ನಿಂತು ಕೇಳುತ್ತಿದ್ದರು. ಕೇಳಲೇಬೇಕು, ಹಣ ಅವರದ್ದು. ವಿಶ್ವವಿದ್ಯಾಲಯದ ಹಣವೂ ನಮ್ಮದೇ ಅಲ್ವಾ?

ಸ್ಟೆಮ್ ಸೆಲ್ ಅಂದರೆ ದೇಹದ ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ. ಆ ವಿಷಯವನ್ನೇ ಹಿಡಿದದ್ದಕ್ಕೆ ಕಾರಣ ಇದೆ. ನಮ್ಮ ನೆಂಟರ ಪೈಕಿ ಒಂದು ಮಗುವಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸ್ಥಿತಿ. ಯಾವುದೋ ಊರಿನ ಕ್ಲಿನಿಕ್ಕಿನವರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಮಗು ಎದ್ದು ನಡೆಯುತ್ತದೆ ಎಂದಿದ್ದರು. ಅಡಿಕೆ ತೋಟದ ಒಂದು ಭಾಗ ಮಾರುವ ಮಾತು ಮನೆಯಲ್ಲಿ ಶುರುವಾಗಿತ್ತು. "ಸರ್ಕಾರವೇ ಇದಕ್ಕೆ ಕೋಟಿಗಟ್ಟಲೆ ಕೊಡ್ತಿದೆಯಂತೆ. ಸುಳ್ಳಾದ್ರೆ ಕೊಡ್ತಾರಾ ಅಣ್ಣ?" ಎಂದು ಮಗುವಿನ ಅಪ್ಪ ಕೇಳಿದ. ಸರ್ಕಾರ ಹಣ ಕೊಡುವುದು ನಿಜ. ಆದರೆ ಆ ಹಣ ಯಾವುದಕ್ಕೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಯಾರೂ ಹೇಳಿರಲಿಲ್ಲ.

ನಿಯಮ ಸ್ಪಷ್ಟವಾಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದೆ. ಅದರ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಅಸ್ಥಿಮಜ್ಜೆ ಕಸಿ ಮಾಡುತ್ತಾರಲ್ಲ, ಆ ಬಗೆಯದಕ್ಕೆ ಮಾತ್ರ ಚಿಕಿತ್ಸೆಯ ಮಾನ್ಯತೆ. ಉಳಿದದ್ದೆಲ್ಲ ಪ್ರಯೋಗ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. ಇದನ್ನು ಅವನಿಗೆ ಓದಿ ಹೇಳಿದೆ. ಆದರೆ ಮಾರ್ಗಸೂಚಿಗಿಂತ ಒಂದು ಖರ್ಚಿನ ಪಟ್ಟಿ ಜಾಸ್ತಿ ಮನವರಿಕೆ ಮಾಡುತ್ತದೆ ಎಂದು ನನಗೆ ಅನಿಸಿತು. ಹಾಗೆ ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕುಳಿತೆ.

ಮಾಹಿತಿ ಹಕ್ಕು ಕಾಯ್ದೆ 2005ರದ್ದು. ಕರ್ನಾಟಕದಲ್ಲಿ ಅರ್ಜಿಗೆ 10 ರೂಪಾಯಿ, ನಕಲು ಪ್ರತಿಗೆ ಪುಟಕ್ಕೆ 2 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಈ ಮಿತಿಯ ಬಗ್ಗೆ ಬೈಯುವವರು ಇದ್ದಾರೆ. ನನಗಂತೂ ಅದರಿಂದ ಉಪಕಾರವೇ ಆಯಿತು. "ಸ್ಟೆಮ್ ಸೆಲ್ ಸಂಶೋಧನೆಗೆ ಒಟ್ಟು ಎಷ್ಟು ಖರ್ಚಾಯಿತು" ಎಂದು ಕೇಳಿದರೆ ಹಾಗೊಂದು ಲೆಕ್ಕ ಇಟ್ಟಿಲ್ಲ ಎನ್ನುತ್ತಾರೆ. ಅದು ನಿಜವೂ ಹೌದು. ಲೆಕ್ಕ ಇರುವುದು ಪ್ರಾಜೆಕ್ಟ್ ಪ್ರಾಜೆಕ್ಟಿಗೆ ಬೇರೆ ಬೇರೆ. ಆದ್ದರಿಂದ ಕಚೇರಿಯಲ್ಲಿ ಇರುವ ಕಾಗದದ ಹೆಸರನ್ನೇ ಹಿಡಿದು ಕೇಳಬೇಕು. ಮಂಜೂರಾತಿ ಆದೇಶ, ಹಣ ಬಳಕೆ ಪ್ರಮಾಣಪತ್ರ, ಖರ್ಚಿನ ತಖ್ತೆ. ನಾನು ಕೇಳಿದ್ದು ಇವು ಮೂರೇ.

ಬಳಕೆ ಪ್ರಮಾಣಪತ್ರವನ್ನು ಕಚೇರಿಗಳಲ್ಲಿ ಎಲ್ಲರೂ ಯು.ಸಿ. ಎನ್ನುತ್ತಾರೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅದರ ನಮೂನೆ 12-ಎ. ಒಂದು ಸಾಲು ಓದಿದರೆ ವರ್ಷದ ಕಥೆಯೆಲ್ಲ ಸಿಗುತ್ತದೆ. ಎಡಗಡೆ ಹಿಂದಿನ ವರ್ಷದ ಶಿಲ್ಕು, ಅಂದರೆ ಖರ್ಚಾಗದೆ ಉಳಿದ ಹಣ. ಪಕ್ಕದಲ್ಲಿ ಅದಕ್ಕೆ ಬಂದ ಬಡ್ಡಿ. ಆಮೇಲೆ ಸರ್ಕಾರಕ್ಕೆ ವಾಪಸು ಕಟ್ಟಿದ ಬಡ್ಡಿ. ಬಡ್ಡಿಯನ್ನು ವಿಶ್ವವಿದ್ಯಾಲಯ ಇಟ್ಟುಕೊಳ್ಳುವ ಹಾಗಿಲ್ಲ, ಅದು ಭಾರತದ ಸಂಚಿತ ನಿಧಿಗೆ ಹೋಗಬೇಕು. ನಂತರ ಈ ವರ್ಷ ಬಂದ ಅನುದಾನ, ಒಟ್ಟು ಕೈಲಿದ್ದದ್ದು, ಖರ್ಚು, ಕೊನೆಗೆ ಆಖೈರು ಶಿಲ್ಕು. ಕೆಳಗೆ ಸಂಶೋಧಕರ, ಹಣಕಾಸು ಅಧಿಕಾರಿಯ, ಸಂಸ್ಥೆಯ ಮುಖ್ಯಸ್ಥರ ಸಹಿ. ಲೆಕ್ಕ ಬರೆದು ಬದುಕಿದವನಿಗೆ ಇದಕ್ಕಿಂತ ಸಂತೋಷ ಕೊಡುವ ಕಾಗದ ಇಲ್ಲ.

ಈ ಕಾಗದದ ಒಂದು ಪ್ರತಿ ಹಣ ಪಡೆದವರಲ್ಲಿ ಇರುತ್ತದೆ, ಇನ್ನೊಂದು ಹಣ ಕೊಟ್ಟವರಲ್ಲಿ. ಹಾಗಾಗಿ ನಾನು ಎರಡೂ ಕಡೆ ಅರ್ಜಿ ಹಾಕುತ್ತೇನೆ. ದೆಹಲಿಯ ಇಲಾಖೆಗೆ ಆನ್‌ಲೈನ್‌ನಲ್ಲೇ ಹಾಕಬಹುದು. ಒಂದು ಕಡೆ ತಡವಾದರೆ ಇನ್ನೊಂದು ಕಡೆಯಿಂದ ಬರುತ್ತದೆ. ಎರಡೂ ಬಂದರೆ ತಾಳೆ ನೋಡಬಹುದು.

ತಡೆ ಬಂದದ್ದು ಒಂದು ವಿಶ್ವವಿದ್ಯಾಲಯದಿಂದ. ಸಂಶೋಧನೆಯ ಗುಟ್ಟು, ವ್ಯಾಪಾರದ ಹಿತಾಸಕ್ತಿ ಎಂದು ಹೇಳಿ ಕಾಯ್ದೆಯ 8(1)(ಡಿ) ಕಲಂ ತೋರಿಸಿದರು. ಜೊತೆಗೆ ನೌಕರರ ವೈಯಕ್ತಿಕ ಮಾಹಿತಿ ಎಂಬ ಕಾರಣ. 30 ದಿನದ ಒಳಗೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಕೊಟ್ಟೆ. ಸಂಶೋಧಕರು ಏನು ಕಂಡುಹಿಡಿದರು ಎಂದು ನಾನು ಕೇಳುತ್ತಿಲ್ಲ, ಏನು ಕೊಂಡರು ಎಂದು ಕೇಳುತ್ತಿದ್ದೇನೆ ಎಂದು ಬರೆದೆ. ಹೆಸರು ಬೇಡ, ಹುದ್ದೆ ಸಾಕು. 10ನೇ ಕಲಂ ಪ್ರಕಾರ ಹೆಸರಿನ ಮೇಲೆ ಮಸಿ ಬಳಿದು ಉಳಿದದ್ದು ಕೊಡಿ ಎಂದೆ. ಕೊಟ್ಟರು.

ಖರ್ಚಿನ ತಖ್ತೆಯಲ್ಲಿ ಏನಿತ್ತು? ಉಪಕರಣ, ಸಂಶೋಧನಾ ಸಹಾಯಕರ ವೇತನ, ಬಳಸಿ ಮುಗಿಯುವ ಸಾಮಗ್ರಿ, ಪ್ರಯಾಣ, ಸಾದಿಲ್ವಾರು ಎಂಬ ಇತರೆ ಚಿಲ್ಲರೆ ಖರ್ಚು, ಸಂಸ್ಥೆಯ ಪಾಲಿನ ಓವರ್‌ಹೆಡ್, ಅಂದರೆ ಸಂಸ್ಥೆ ನಡೆಸುವ ಸಾಮಾನ್ಯ ಖರ್ಚು. ಆಸ್ಪತ್ರೆ ಇಲ್ಲ, ರೋಗಿ ಇಲ್ಲ, ಇಂಜೆಕ್ಷನ್ ಇಲ್ಲ. ಮಗುವಿನ ಅಪ್ಪನನ್ನು ಕೂರಿಸಿಕೊಂಡು ಒಂದೊಂದೇ ಸಾಲು ತೋರಿಸಿದೆ. ಸರ್ಕಾರದ ಹಣ ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸುವುದನ್ನು ಕಲಿಯಲು ಹೋಗುತ್ತಿದೆ. ಚಿಕಿತ್ಸೆ ಸಿದ್ಧವಾಗಿದೆ ಎಂದು ಅದರ ಅರ್ಥವಲ್ಲ. ತೋಟ ಮಾರುವ ಮಾತು ನಿಂತಿತು. ಮಗುವಿಗೆ ಫಿಜಿಯೋಥೆರಪಿ ನಡೆಯುತ್ತಿದೆ.

ಅಂಕಿ ಸಿಕ್ಕಿತೆಂದು ಹಾಗೇ ಅಚ್ಚು ಹಾಕಬಾರದು. ಅದರಲ್ಲೂ ಆಖೈರು ಶಿಲ್ಕಿನ ವಿಷಯದಲ್ಲಿ. ಫೆಬ್ರವರಿಯಲ್ಲಿ 10 ಲಕ್ಷ ಬಂತು ಅಂದುಕೊಳ್ಳಿ. ಮಾರ್ಚ್ 31ಕ್ಕೆ 9 ಲಕ್ಷ ಉಳಿದಿರುತ್ತದೆ. "ಖರ್ಚಾಗದೆ ಕೊಳೆಯುತ್ತಿರುವ ಸಂಶೋಧನಾ ಹಣ" ಎಂದು ತಲೆಬರಹ ಕೊಡುವುದು ಸುಲಭ. ಅದು ಅನ್ಯಾಯ. ಹಿಂದಿನ ವರ್ಷದ ಯು.ಸಿ. ತಲುಪಿದ ಮೇಲೆಯೇ ಮುಂದಿನ ಕಂತು ಬಿಡುಗಡೆಯಾಗುತ್ತದೆ. ಎಲ್ಲೋ ಒಂದು ಮೇಜಿನ ಮೇಲೆ ಕಾಗದ ನಿಂತರೆ ಹಣವೂ ನಿಲ್ಲುತ್ತದೆ.

ಇದನ್ನು ನನಗೆ ಬಿಡಿಸಿ ಹೇಳಿದವರು ಒಬ್ಬ ಸಂಶೋಧಕಿ. ಅರ್ಜಿ ಹಾಕಿದವನು ನಾನೇ ಎಂದು ಗೊತ್ತಿದ್ದೂ "ಬನ್ನಿ ಸಾರ್, ಲ್ಯಾಬ್ ನೋಡಿ" ಎಂದು ಕರೆದರು. ಕೋಶಗಳನ್ನು 37 ಡಿಗ್ರಿ ಶಾಖದಲ್ಲಿ, ಶೇ. 5ರಷ್ಟು ಕಾರ್ಬನ್ ಡೈ ಆಕ್ಸೈಡ್ ಇರುವ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ತಿಳಿ ಗುಲಾಬಿ ಬಣ್ಣದ ಪೋಷಕ ದ್ರವ. ಕೆಲವು ಬಗೆಯ ಕೋಶಗಳಿಗೆ ಅದನ್ನು ದಿನಾ ಬದಲಿಸಬೇಕು, ಭಾನುವಾರವೂ. ಕಂತು ಬರಲಿಲ್ಲ ಎಂದು ಕೋಶ ಕಾಯುವುದಿಲ್ಲ. ಮೂಲೆಯಲ್ಲಿ ದ್ರವ ಸಾರಜನಕದ ಕ್ಯಾನ್, ನಮ್ಮ ಪಶು ಆಸ್ಪತ್ರೆಗಳಲ್ಲಿ ದನಗಳಿಗೆ ಕೊಡುವ ವೀರ್ಯದ ಕಡ್ಡಿ ಇಡುತ್ತಾರಲ್ಲ, ಅಂಥದ್ದೇ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟು ಹೇಗೆ ಎಂದು ಹೇಳಬೇಕಿಲ್ಲ. ಜನರೇಟರ್‌ನ ಡೀಸೆಲ್ ಖರ್ಚು ಸಾದಿಲ್ವಾರಿನಲ್ಲಿ ಯಾಕೆ ಅಷ್ಟಿತ್ತು ಎಂದು ಅಲ್ಲಿ ಅರ್ಥವಾಯಿತು. ಅಂಕಿಯ ಪಕ್ಕದಲ್ಲಿ ಅದರ ಕಾರಣವನ್ನೂ ಹಾಕಿ ಪುಟ ಮಾಡಿದೆವು. ಲ್ಯಾಬಿನವರು ಅದರ ಪ್ರತಿಗಳನ್ನು ಕೇಳಿ ತೆಗೆದುಕೊಂಡರು.

ಇಷ್ಟಕ್ಕೆಲ್ಲ ಅರ್ಜಿ ಬೇಕಾ ಎಂಬುದೇ ನನ್ನ ತಗಾದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಲ್ಲಿ ಜನ ಮತ ಹಾಕಿ ಸ್ಟೆಮ್ ಸೆಲ್ ಸಂಶೋಧನೆಗೆ 300 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದರು. 2020ರಲ್ಲಿ ಮತ್ತೆ 550 ಕೋಟಿ ಡಾಲರ್‌ಗೆ ಒಪ್ಪಿದರು. ಹಣ ಹಂಚುವ ಅಲ್ಲಿನ ಸಂಸ್ಥೆ ಪ್ರತಿ ಅನುದಾನವನ್ನೂ ಬಹಿರಂಗ ಮಾಡುತ್ತದೆ: ಯಾವ ವಿಶ್ವವಿದ್ಯಾಲಯ, ಯಾವ ಸಂಶೋಧಕರು, ಎಷ್ಟು ಹಣ, ಕೆಲಸ ಎಲ್ಲಿಗೆ ಬಂತು. ಅಲ್ಲೂ ಎಲ್ಲ ಸರಿ ಇರಲಿಲ್ಲ. ಹಣ ಪಡೆಯುವ ವಿಶ್ವವಿದ್ಯಾಲಯಗಳವರೇ ಆಡಳಿತ ಮಂಡಳಿಯಲ್ಲಿ ಕೂತಿದ್ದಾರೆ ಎಂಬ ಆಕ್ಷೇಪ ಬಂತು. ಪಟ್ಟಿ ತೆರೆದಿದ್ದರಿಂದ ಯಾರಿಗೆ ಎಷ್ಟು ಹೋಯಿತು ಎಂದು ಯಾರು ಬೇಕಾದರೂ ಕೂಡಿ ನೋಡಬಹುದಿತ್ತು. ನಮ್ಮ ಕಾಯ್ದೆಯ 4ನೇ ಕಲಮೂ ಯಾರೂ ಕೇಳದೆಯೇ ಬಜೆಟ್, ಖರ್ಚು ಪ್ರಕಟಿಸಬೇಕು ಎಂದೇ ಹೇಳುತ್ತದೆ. ಯು.ಸಿ. ಹೇಗೂ ತಯಾರಾಗುತ್ತದೆ, ಸಹಿಯೂ ಬೀಳುತ್ತದೆ. ಸ್ಕ್ಯಾನ್ ಮಾಡಿ ಹಾಕಲು ಎಷ್ಟು ಹೊತ್ತು?

ನೀವೂ ಕೇಳುವುದಾದರೆ ಏಪ್ರಿಲ್‌ನಲ್ಲಿ ಹಾಕಬೇಡಿ, ಆಗ ಲೆಕ್ಕ ಮುಗಿದಿರುವುದಿಲ್ಲ. ನಾನು ಮಳೆ ಕಡಿಮೆಯಾದ ಮೇಲೆ, ಸೆಪ್ಟೆಂಬರ್ ಹೊತ್ತಿಗೆ ಹಾಕುತ್ತೇನೆ. ಈ ಸಲದ ಅರ್ಜಿಯಲ್ಲಿ ಆಸ್ತಿ ವಹಿಯ ಪ್ರತಿಯನ್ನು ಕೇಳುವವನಿದ್ದೇನೆ. ಪ್ರಾಜೆಕ್ಟ್ ಮುಗಿದ ಮೇಲೆ ಆ ಫ್ರೀಜರ್, ಆ ಮೈಕ್ರೋಸ್ಕೋಪ್ ಯಾರ ಕೈಯಲ್ಲಿವೆ, ಕೆಲಸ ಮಾಡುತ್ತಿವೆಯಾ ಎಂದು ನೋಡಬೇಕು.