ಇಂಗ್ಲೆಂಡಿನ ಕಾಲುವೆಗಳಲ್ಲಿ ಒಬ್ಬರೇ ನ್ಯಾರೋಬೋಟ್ ಓಡಿಸುವ ಪ್ಲಾನ್ ಹೀಗಿರಲಿ

ಮೊದಲು ಬೋಟ್. ನ್ಯಾರೋಬೋಟ್ ಅಂದರೆ ಈ ಕಾಲುವೆಗಳಿಗೆಂದೇ ಮಾಡಿದ ಉದ್ದನೆಯ, ಅಗಲ ಕಡಿಮೆಯ ದೋಣಿ. ಎಷ್ಟೋ ಬಾಡಿಗೆ ಕಂಪನಿಗಳು ಒಬ್ಬರಿಗೇ ಬೋಟ್ ಕೊಡುವುದಿಲ್ಲ, ಅದಕ್ಕೇ ಬುಕ್ ಮಾಡುವ ಮುಂಚೆ ನೇರವಾಗಿ ಕೇಳಿಬಿಡಿ.

ಆಮೇಲೆ ದಾರಿ. ಮೈಲಿಗಳನ್ನೂ ಲಾಕ್‌ಗಳನ್ನೂ (ನೀರು ತುಂಬಿಸಿ ಇಲ್ಲವೇ ಇಳಿಸಿ ಬೋಟನ್ನು ಮೇಲೆ ಕೆಳಗೆ ಮಾಡುವ, ಎರಡೂ ತುದಿಗೆ ಗೇಟಿರುವ ತೊಟ್ಟಿ) ಕೂಡಿಸಿ ಮೂರರಿಂದ ಭಾಗಿಸಿ, ಸುಮಾರು ಎಷ್ಟು ಗಂಟೆ ಬೇಕು ಅಂತ ಸಿಗುತ್ತದೆ. 12 ಮೈಲಿ, 9 ಲಾಕ್ ಅಂದರೆ 7 ಗಂಟೆ. ಒಬ್ಬರೇ ಇದ್ದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಕಾಲುವೆಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಹಾಗಾಗಿ ಜೋರಾಗಿ ಓಡಿಸಿ ಸಮಯ ಉಳಿಸೋಣ ಅನ್ನುವ ಮಾತೇ ಇಲ್ಲ.

ನಿಜವಾದ ಕೆಲಸ ಇರುವುದು ಲಾಕ್‌ನಲ್ಲಿ. ಕೆಳಗಿಳಿಯುವಾಗ ಹಿಂದಿನ ಗೇಟಿನ ಬುಡದಲ್ಲಿ ಸಿಲ್ ಅನ್ನುವ ಕಟ್ಟೆ ನೀರಿನಡಿ ಅಡಗಿರುತ್ತದೆ, ಬೋಟಿನ ಹಿಂಬದಿ ಅದರ ಮೇಲೆ ಕೂತರೆ ನೀರು ಇಳಿದಂತೆ ಮುಂಭಾಗ ಮುಳುಗಿ ಬೋಟೇ ಹೋಗುತ್ತದೆ. ಗೋಡೆಯ ಮೇಲಿನ ಬಿಳಿ ಗೆರೆಗಿಂತ ಮುಂದೆಯೇ ಇರಿ. ಬೋಟಿನ ನಡುವಿನ ಹಗ್ಗವನ್ನು ದಡದ ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲೇ ಹಿಡಿದುಕೊಳ್ಳಿ, ಗಂಟು ಮಾತ್ರ ಬೇಡವೇ ಬೇಡ. ಗೇಟಿನ ತೂಬು ಎತ್ತುವ ಹಿಡಿಕೆ, ಅಂದರೆ ವಿಂಡ್ಲಾಸ್, ಎರಡಿರಲಿ, ಒಂದು ನೀರಿಗೆ ಬಿದ್ದರೆ ಅಲ್ಲೇ ನಿಲ್ಲಬೇಕಾಗುತ್ತದೆ ಅಲ್ವಾ?

ಬೇಸಿಗೆಯಲ್ಲಿ ನೀರು ಕಡಿಮೆಯಾಗಿ ಲಾಕ್ ಮುಚ್ಚುವುದುಂಟು. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಆಂಡ್ ರಿವರ್ ಟ್ರಸ್ಟ್‌ನ ಸೂಚನೆ ನೋಡಿ, ಬದಲಿ ದಾರಿಯೊಂದನ್ನು ಗುರುತು ಹಾಕಿಕೊಳ್ಳಿ.

ಆಕ್ಸ್‌ಫರ್ಡ್‌ನಿಂದ ಥೇಮ್ಸ್ ನದಿಗೆ ಇಳಿಯುವುದಾದರೆ, ಅದನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎನ್ವಿರಾನ್ಮೆಂಟ್ ಏಜೆನ್ಸಿಯ ಪರವಾನಗಿ ಬೇಕು. ನದಿಯಲ್ಲಿ ಲಂಗರು ಸಿದ್ಧವಾಗಿರಲಿ, ಲೈಫ್ ಜಾಕೆಟ್ ಮೈಮೇಲಿರಲಿ. ಲಾಕ್ ಹತ್ತಿರ ಸೆಳವು ಜೋರಿದೆ ಅಂತ ಎಚ್ಚರಿಸುವ ಕೆಂಪು ಬೋರ್ಡ್ ಕಂಡರೆ ಕಟ್ಟಿ ನಿಲ್ಲಿಸಿ, ಅದನ್ನು ತೆಗೆಯುವವರೆಗೂ ಹೊರಡಬೇಡಿ.