'ತಿದ್ದ' ಹಿಡಿದು ಇಂಪರ್ಫೆಕ್ಟ್ ಕಲಿಸಿದ್ದು: ನನ್ನ ಅನುಭವ

ಬೆಳಗಾವಿ ಟಿಳಕವಾಡಿಯ ನನ್ನ ಸಂಜೆ ಸ್ಪ್ಯಾನಿಷ್ ಬ್ಯಾಚಿನಿಂದ ಈ ಸಲ ಡೆಲೆ ಎ2 (ಸ್ಪ್ಯಾನಿಷಿನ ಎರಡನೇ ಹಂತದ ಪರೀಕ್ಷೆ) ಬರೆದವರು ಹೆಚ್ಚುಕಡಿಮೆ ಎಲ್ಲರೂ ಪಾಸಾದರು. ಸ್ಪ್ಯಾನಿಷ್ ಕಾಲಗಳನ್ನು ಕನ್ನಡದಿಂದ ಕಲಿಸೋದು ಆಗದ ಮಾತು ಅಂತ ಪುಣೆಯ ಗೆಳೆಯರು ಹೇಳುತ್ತಲೇ ಬಂದಿದ್ದರು. ಆಯಿತು, ಚೆನ್ನಾಗಿಯೇ ಆಯಿತು.

ಇಂಪರ್ಫೆಕ್ಟ್ ಅಂದರೆ ಹಿಂದೆ ರೂಢಿಯಾಗಿ ಮಾಡುತ್ತಿದ್ದ ಇಲ್ಲವೇ ಆಗ ನಡೆಯುತ್ತಿದ್ದ ಕೆಲಸ ಹೇಳುವ ಸ್ಪ್ಯಾನಿಷ್ ಭೂತಕಾಲ. ಮಾಡಿ ಮುಗಿದದ್ದಕ್ಕೆ ಬೇರೆ ರೂಪ ಇದೆ. ಇಂಪರ್ಫೆಕ್ಟಿನ ರೂಪಗಳು ಸುಲಭ. 'ಆರ್' ಅಂತ ಮುಗಿಯುವ ಕ್ರಿಯಾಪದಕ್ಕೆ 'ಆಬಾ' ಹತ್ತುತ್ತದೆ, 'ಎರ್' ಮತ್ತು 'ಇರ್' ಅಂತ ಮುಗಿಯುವವಕ್ಕೆ 'ಈಆ'. ಸಾಲು ತಪ್ಪುವವು ಸೇರ್ (ಆಗಿರು), ಇರ್ (ಹೋಗು), ವೇರ್ (ನೋಡು) ಮೂರೇ. ಗಂಟು ಇರೋದು ಎಲ್ಲಿ ಬಳಸಬೇಕು ಅನ್ನೋದರಲ್ಲಿ. ಮೊದಲಿನ ಬ್ಯಾಚುಗಳಿಗೆ ಇಂಗ್ಲಿಷಿನ 'ಯೂಸ್ಡ್ ಟು' ಹಿಡಿದು ಹೇಳುತ್ತಿದ್ದೆ. ಬಣ್ಣದ ಚಾರ್ಟು, ಆಪ್ ಚಂದಾ ಅಂತ ಎಂಟೊಂಬತ್ತು ಸಾವಿರ ಸುರಿದೆ, ಎಲ್ಲಾ ನೀರುಪಾಲು. ಇಂಗ್ಲಿಷಿನ 'ಏಟ್' ರೂಢಿಗೂ ನಡೆಯುತ್ತದೆ, ಒಮ್ಮೆ ಉಂಡದ್ದಕ್ಕೂ ನಡೆಯುತ್ತದೆ. ಹುಡುಗರು ಎರಡಕ್ಕೂ 'ಕೊಮೀ' (ಒಮ್ಮೆ ಉಂಡೆ) ಅಂತಲೇ ಬರೆದರು.

ಆಮೇಲೆ ಒಂದೇ ನಿಯಮ ಇಟ್ಟೆ: ಮೊದಲು ಮನೆ ಮಾತಿನಲ್ಲಿ ಹೇಳು, ಕ್ರಿಯಾಪದದ ಕೊನೆಗೆ 'ತಿದ್ದ' ('ತಿದ್ದೆ' ಅಂದರೂ ಅದೇ) ಬಂತೋ ಇಂಪರ್ಫೆಕ್ಟ್. 'ಅಜ್ಜ ಕಬ್ಬು ಬೆಳೀತಿದ್ದ' ಅಂದರೆ ಕುಲ್ತಿಬಾಬಾ. 'ನಾ ಊಟಾ ಮಾಡ್ತಿದ್ದೆ, ಆಕಿ ಫೋನ್ ಮಾಡಿದ್ಲು' ಅಂದರೆ ಮೊದಲನೇದು ಕೊಮೀಆ, ಎರಡನೇದು ಯಾಮೋ. ರೂಢಿಗೂ ನಡುವೆ ಇದ್ದ ಕೆಲಸಕ್ಕೂ ನಮ್ಮದು ಒಂದೇ ರೂಪ, ಸ್ಪ್ಯಾನಿಷಿನದೂ ಒಂದೇ. ಇನ್ನೂ ಚಂದದ್ದು ಕೇಳಿ: 'ಗೊತ್ತಿತ್ತು' ಸಾಬೀಆ, 'ಗೊತ್ತಾತು' ಸೂಪೆ. 'ಪರಿಚಯ ಇತ್ತು' ಕೊನೊಸೀಆ, 'ಪರಿಚಯ ಆತು' ಕೊನೊಸೀ. ಇಂಗ್ಲಿಷ್ ಪುಸ್ತಕಗಳು ಇದಕ್ಕೆ ಪುಟಗಟ್ಟಲೆ ವಿವರಣೆ ಕೊಡುತ್ತವೆ. ಅಥಣಿ ಕಡೆಯ ಒಬ್ಬ ಹುಡುಗ ಅರ್ಧ ನಿಮಿಷದಲ್ಲಿ ಹಿಡಿದ.

ಕೈಕೊಡುವ ಜಾಗ ಒಂದಿದೆ. 'ಉದ್ಯಮಬಾಗದ ಫೌಂಡ್ರಿಯೊಳಗ ಹತ್ತು ವರ್ಷ ಕೆಲಸ ಮಾಡ್ತಿದ್ದ' ಅಂತ ನಾವು ಸಲೀಸಾಗಿ ಅಂತೀವಿ, ಹುಡುಗರು ತ್ರಾಬಾಹಾಬಾ ಬರೆದು ಅಂಕ ಕಳಕೊಂಡರು. ಎಣಿಸಿ ಮುಗಿದ ಅವಧಿಗೆ ಸ್ಪ್ಯಾನಿಷ್ ತ್ರಾಬಾಹೋ ಅನ್ನೋ ಮುಗಿದ ರೂಪ ಕೇಳುತ್ತದೆ. ಎರಡು ಬ್ಯಾಚು ಇದರಲ್ಲೇ ಒದ್ದಾಡಿದವು. ಈಗ ಇದಕ್ಕೊಂದು ಹತ್ತು ನಿಮಿಷದ ಆಟ ಕಟ್ಟಿದ್ದೇನೆ, ಅದು ಕ್ಲಾಸಿಗೆ ಬಂದವರಿಗೆ ಮಾತ್ರ. ಇನ್ನೊಂದು: 'ಮಾತಾಡ್ತಿದ್ದೆ', 'ಮಾತಾಡ್ತಿದ್ದ' ನಮಗೆ ಬೇರೆ, ಸ್ಪ್ಯಾನಿಷಿನಲ್ಲಿ ನಾನಾದರೂ ಅವನಾದರೂ ಅಬ್ಲಾಬಾ. ಗೊಂದಲ ಆಗುವಲ್ಲಿ ಯೋ (ನಾನು), ಎಲ್ (ಅವನು) ಬಿಡಬೇಡಿ ಅಂತ ಗಂಟಲು ಹರಿಯುವಷ್ಟು ಹೇಳುತ್ತೇನೆ.

ಶಹಾಪುರ, ವಡಗಾವಿ ಕಡೆಯ ಮರಾಠಿ ಮನೆಯ ಹುಡುಗರ ಮೇಲೂ ಪ್ರಯೋಗ ಮಾಡಿದೆ. ಅವರಲ್ಲಿ ರೂಢಿಗೆ 'ಕರಾಯಚೋ', ನಡೆಯುತ್ತಿದ್ದ ಕೆಲಸಕ್ಕೆ 'ಕರತ್ ಹೋತೋ'. ಎರಡು ಎಳೆ ಒಂದಕ್ಕೆ ಹೊಸೆಯಬೇಕು, ಎರಡು ಮೂರು ಕ್ಲಾಸು ಹೆಚ್ಚೇ ಹಿಡಿಯಿತು. ಕೊನೆಗೆ ಅವರೇ ಕನ್ನಡದಲ್ಲಿ ಹೇಳಿ ನೋಡತೊಡಗಿದರು.

ಚಾರ್ಟು, ಆಪ್ ಎಲ್ಲಾ ಬಿಟ್ಟೆ. ಈಗ ಒಂದು ಬ್ಯಾಚಿಗೆ ಜೆರಾಕ್ಸ್ ಖರ್ಚು ನಾನೂರೋ ಐನೂರೋ. ಫೀ ತಲೆಗೆ ಸುಮಾರು ಆರು ಸಾವಿರ ತಗೊಳ್ಳುತ್ತೇನೆ, ಮುಂದಿನ ಬ್ಯಾಚು ಆಗಲೇ ತುಂಬಿದೆ.