ಕಾಫಿ ಕಣದಲ್ಲಿ ಮೂವತ್ತೆಂಟು ಜನ, ಸಭಾಂಗಣದಲ್ಲಿ ಸಾವಿರದ ನೂರು

ನಮ್ಮ ಚಿತ್ರಕಥೆ ಪ್ರಿಯರ ಮೂರನೆಯ ವರ್ಷದ ಸಮಾವೇಶ ಮುಗಿದ ಸಂಜೆ ಮಡಿಕೇರಿಯ ಬಸ್ ನಿಲ್ದಾಣದಲ್ಲಿ ಸೋಮವಾರಪೇಟೆ ಬಸ್ಸಿಗೆ ಕಾಯುತ್ತಿದ್ದ ಹುಡುಗಿಯೊಬ್ಬಳು ನನ್ನನ್ನು ಕಂಡು ಎದ್ದು ನಿಂತಳು. ಎದೆಗೆ ಅವುಚಿಕೊಂಡಿದ್ದ ಚೀಲದಲ್ಲಿ ಅವಳೇ ಬರೆದು ಬಿಡಿಸಿದ ಚಿತ್ರಕಥೆಯ ಪುಸ್ತಕವಿತ್ತು. ಬೆಳಿಗ್ಗೆ ಬಾಗಿಲಲ್ಲೇ ನನಗೆ ಅದನ್ನು ತೋರಿಸಿದ್ದಳು. “ಅತಿಥಿ ಚಿತ್ರಕಾರರಿಗೆ ತೋರಿಸಿದೆಯಾ?” ಎಂದು ಕೇಳಿದೆ. “ಇಲ್ಲ ಸರ್, ಸಾಲಿನಲ್ಲಿದ್ದೆ. ಇನ್ನೂ ಮುಂದೆ ತುಂಬಾ ಜನ ಇದ್ದರು, ಅಷ್ಟರಲ್ಲಿ ಮುಗಿಯಿತು ಎಂದರು” ಎಂದಳು. ಹತ್ತೂವರೆಯಿಂದ ನಾಲ್ಕು ಗಂಟೆಯವರೆಗೆ ಅವಳು ಆ ಒಂದೇ ಸಾಲಿನಲ್ಲಿ ನಿಂತಿದ್ದಳು. ಊಟಕ್ಕೂ ಜಾಗ ಬಿಟ್ಟು ಹೋಗಿರಲಿಲ್ಲ. ಆ ಸಾಲಿಗೆ ಹಗ್ಗ ಕಟ್ಟಿದವನು ನಾನು.

ನಾನು ವಿರಾಜಪೇಟೆ ಕಡೆಯ ಶಾಲೆಯೊಂದರಲ್ಲಿ ಚಿತ್ರಕಲಾ ಶಿಕ್ಷಕ. ಚಿತ್ರಕಥೆ, ವಿಜ್ಞಾನ ಕಥೆ, ಈಚೆಗೆ ಮಕ್ಕಳಿಂದಲೇ ಕಲಿತ ಜಪಾನಿನ ಚಿತ್ರಕಥೆಯಾದ ಮಾಂಗಾ, ಇವು ನನ್ನ ಪ್ರೀತಿಗಳು. ಇಂಥ ಪ್ರೀತಿಯುಳ್ಳವರು ಕೊಡಗಿನಲ್ಲಿ ಚದುರಿಹೋಗಿದ್ದಾರೆ. ಒಬ್ಬರು ಗೋಣಿಕೊಪ್ಪದಲ್ಲಿ, ಇಬ್ಬರು ನಾಪೋಕ್ಲಿನಲ್ಲಿ, ಒಬ್ಬ ಹುಡುಗ ಸಿದ್ದಾಪುರದ ತೋಟದ ಕಾರ್ಮಿಕರ ಲೈನ್‌ಮನೆಯಲ್ಲಿ. ತಮ್ಮ ಹಾಗೆ ಇನ್ನೊಬ್ಬರು ಹದಿನೈದು ಕಿಲೋಮೀಟರ್ ದೂರದಲ್ಲಿದ್ದಾರೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಅವರನ್ನು ಒಂದು ದಿನ ಒಂದು ಕಡೆ ಸೇರಿಸಬೇಕು ಎಂಬ ಆಸೆಯಿಂದ 2021ರ ನವೆಂಬರಿನಲ್ಲಿ ಮೊದಲ ಸಮಾವೇಶ ಮಾಡಿದೆವು.

ಜಾಗ ಕೊಟ್ಟವರು ಅಮ್ಮತ್ತಿ ಹತ್ತಿರ ತೋಟವಿರುವ, ನಾನು ಅಣ್ಣ ಎಂದು ಕರೆಯುವ ಹಿರಿಯ ಸ್ನೇಹಿತರು. ರೋಬಸ್ಟಾ ಕೊಯ್ಲಿಗೆ ಇನ್ನೂ ಸಮಯವಿದ್ದುದರಿಂದ ಅವರ ಕಾಫಿ ಕಣ ಖಾಲಿ ಇತ್ತು. ಆ ನವೆಂಬರಿನ ಅಕಾಲ ಮಳೆ ಕೊಡಗಿನ ಬೆಳೆಗಾರರು ಯಾರೂ ಮರೆಯುವಂಥದ್ದಲ್ಲ. ನಾವು ಕಣದ ಒಂದು ಮೂಲೆಗೆ ಟಾರ್ಪಾಲು ಎಳೆದು ಕಟ್ಟಿದೆವು. ಮೂವತ್ತೆಂಟು ಜನ ಅದರಡಿಯಲ್ಲಿ ಒತ್ತಾಗಿ ಕುಳಿತರು. ಅಣ್ಣನ ಮನೆಯಿಂದ ನೂಲ್‌ಪುಟ್ಟು, ಕಡಲೆ ಸಾರು, ಬೆಲ್ಲದ ಕಾಫಿ ಬಂದವು. ಸಂಜೆ ಹೊರಡುವಾಗ ಪ್ರತಿಯೊಬ್ಬರಿಗೂ ಉಳಿದ ಮೂವತ್ತೇಳು ಜನರ ಮುಖ ಗೊತ್ತಿತ್ತು, ಹೆಚ್ಚಿನವರ ಹೆಸರೂ ಗೊತ್ತಿತ್ತು. ಹಳೆಯ ಚಿತ್ರಕಥೆಗಳ ಪೆಟ್ಟಿಗೆ ಹೊತ್ತು ತಂದಿದ್ದ ನಿವೃತ್ತ ಅಂಚೆ ನೌಕರರೊಬ್ಬರು ಪುಸ್ತಕಗಳನ್ನು ಒಂದೊಂದಾಗಿ ಹುಡುಗರ ಕೈಗೆ ಕೊಟ್ಟು, “ಮುಂದಿನ ವರ್ಷ ತಂದು ಕೊಡಿ” ಎಂದಿದ್ದರು. ಮುಂದಿನ ವರ್ಷ ಎಲ್ಲವೂ ಮರಳಿ ಬಂದವು.

ಎರಡನೆಯ ವರ್ಷ 140 ಜನ ಬಂದರು. ಅದೂ ಅದೇ ಕಣದಲ್ಲೇ ಚೆನ್ನಾಗಿ ನಡೆಯಿತು. ತೊಂದರೆ ಶುರುವಾದದ್ದು ಮೂರನೆಯ ವರ್ಷ, ನಾವು ಮಡಿಕೇರಿಗೆ ಹೋದಾಗ.

ಹೋಗಲು ಕಾರಣಗಳಿದ್ದವು, ಅವು ಕೆಟ್ಟ ಕಾರಣಗಳಲ್ಲ. ಕೊಡಗಿಗೆ ರೈಲಿಲ್ಲ. ತೋಟದ ದಾರಿಗೆ ಬಸ್ಸೂ ಇಲ್ಲ, ಸ್ವಂತ ವಾಹನವಿಲ್ಲದ ಮಕ್ಕಳು ಬರಲಾರರು. ಮಡಿಕೇರಿಗಾದರೆ ಎಲ್ಲ ಕಡೆಯಿಂದಲೂ ಬಸ್ಸಿದೆ. ಅದರ ಜೊತೆಗೆ ಹೊರಗಿನಿಂದ ಹೆಸರುವಾಸಿ ಚಿತ್ರಕಾರರೊಬ್ಬರು ಬರಲು ಒಪ್ಪಿದರು. ಅವರ ಹೆಸರು ಹಾಕಿದ ದಿನವೇ ಮೈಸೂರು, ಬೆಂಗಳೂರುಗಳಿಂದ ನೋಂದಣಿ ಹರಿದುಬಂತು. ವಾರಾಂತ್ಯದ ಪ್ರವಾಸದ ಜೊತೆಗೆ ಇದೂ ಒಂದಿರಲಿ ಎಂದುಕೊಂಡವರೂ ಇದ್ದರು. ಸಂಖ್ಯೆ ಐನೂರು ದಾಟಿದಾಗ ನಾವು ಸಿಹಿ ಹಂಚಿದೆವು. ಸಾವಿರ ದಾಟಿದಾಗ ಅಣ್ಣ ಮಾತ್ರ ಸುಮ್ಮನಿದ್ದರು. “ಇಷ್ಟು ಜನ ಬಂದು ಏನು ಮಾಡುತ್ತಾರೆ?” ಎಂದು ಕೇಳಿದರು. ಆ ಪ್ರಶ್ನೆಗೆ ಅಕ್ಷರಶಃ ಉತ್ತರ ಬರೆಯಲು ನಾನು ಅಂದೇ ಕುಳಿತಿದ್ದರೆ ಆ ಹುಡುಗಿ ಬರಿಗೈಯಲ್ಲಿ ಬಸ್ಸು ಹತ್ತುತ್ತಿರಲಿಲ್ಲ.

ನಡೆದದ್ದು ಇಷ್ಟು. ಬಾಗಿಲಲ್ಲಿ ಮೊಬೈಲಿನಲ್ಲಿರುವ ನೋಂದಣಿ ಸಂಕೇತ ನೋಡಿ ಒಳಬಿಡುವ ವ್ಯವಸ್ಥೆ ಮಾಡಿದ್ದೆವು. ಮನೆಯಲ್ಲಿ ಪರೀಕ್ಷಿಸಿದಾಗ ಒಬ್ಬರಿಗೆ ಇಪ್ಪತ್ತು ಸೆಕೆಂಡು ಸಾಕಾಗಿತ್ತು. ಅಲ್ಲಿ ಒಂದೇ ಕಡೆ ನೂರಾರು ಮೊಬೈಲ್ ಸೇರಿದಾಗ ಸಂಪರ್ಕವೇ ಸಿಗದೆ ಒಬ್ಬರಿಗೆ ಒಂದು ನಿಮಿಷವಾಯಿತು. ಎರಡು ಬಾಗಿಲು, ನಿಮಿಷಕ್ಕೆ ಇಬ್ಬರು, ಗಂಟೆಗೆ 120. ಸಾವಿರದ ನೂರು ಜನರಿಗೆ ಒಂಬತ್ತು ಗಂಟೆ ಬೇಕು. ಹನ್ನೊಂದೂವರೆಗೆ ಪರಿಶೀಲನೆ ಕೈಬಿಟ್ಟು ಎಲ್ಲರನ್ನೂ ಒಳಗೆ ಬಿಟ್ಟೆವು. ಸಭಾಂಗಣದಲ್ಲಿದ್ದದ್ದು ಆರುನೂರು ಆಸನ. ಹೊರಗೆ ಮಳೆ ಬಂದಾಗ ಅಂಗಳದಲ್ಲಿದ್ದವರೂ ಒಳಗೆ ನುಗ್ಗಿದರು. ಮೆಟ್ಟಿಲ ಮೇಲೆ ಹತ್ತು ನಿಮಿಷ ಯಾರೂ ಮೇಲಕ್ಕೂ ಹೋಗಲಾಗದೆ ಕೆಳಕ್ಕೂ ಇಳಿಯಲಾಗದೆ ನಿಂತರು. ಯಾರಿಗೂ ಏನೂ ಆಗಲಿಲ್ಲ. ಆದರೆ ಒಬ್ಬ ಶಿಕ್ಷಕನಾಗಿ, ಮಕ್ಕಳನ್ನು ಕರೆದವನಾಗಿ, ಆ ಹತ್ತು ನಿಮಿಷ ನನ್ನ ಕೈಕಾಲು ತಣ್ಣಗಾಗಿದ್ದವು. ನ್ಯೂಯಾರ್ಕಿನಲ್ಲಿ 2006ರಲ್ಲಿ ಚಿತ್ರಕಥೆ ಅಭಿಮಾನಿಗಳ ಸಮಾವೇಶವಾದ ಕಾಮಿಕ್ ಕಾನ್ ಮೊದಲ ಬಾರಿ ನಡೆದಾಗಲೂ ಒಳಗೆ ಜನ ತುಂಬಿ, ಟಿಕೆಟ್ ಕೊಂಡವರನ್ನೇ ಹೊರಗೆ ನಿಲ್ಲಿಸಬೇಕಾಗಿ ಬಂದಿತ್ತು. ಅಷ್ಟು ದೊಡ್ಡ ನಗರದವರೂ ಎಡವಿದ ಜಾಗ ಇದು ಎಂದು ಆಮೇಲೆ ತಿಳಿಯಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಇನ್ನು ಆ ಸಾಲಿನ ಲೆಕ್ಕ. ಚಿತ್ರಕಾರರು ದೊಡ್ಡ ಮನಸ್ಸಿನವರು. ಬಂದ ಪ್ರತಿಯೊಬ್ಬರಿಗೂ ಒಂದು ಸಣ್ಣ ರೇಖಾಚಿತ್ರ ಬರೆದುಕೊಡುತ್ತೇನೆ ಎಂದರು. ಒಂದಕ್ಕೆ ನಾಲ್ಕು ನಿಮಿಷ. ಹನ್ನೊಂದರಿಂದ ನಾಲ್ಕರವರೆಗೆ, ಊಟದ ಅರ್ಧ ಗಂಟೆ ಕಳೆದರೆ 270 ನಿಮಿಷ. ಎಂದರೆ 67 ಜನ. ಸಾಲಿನಲ್ಲಿದ್ದವರು ಮುನ್ನೂರಕ್ಕೂ ಹೆಚ್ಚು. ಒಂದು ನಿಮಿಷಕ್ಕೆ ಇಳಿಸಿದ್ದರೆ 270 ಜನರಿಗೆ ಸಿಗುತ್ತಿತ್ತು, ಆದರೆ ಒಂದು ನಿಮಿಷದಲ್ಲಿ ಯಾರ ಪುಸ್ತಕವನ್ನು ಯಾರು ತೆರೆದು ನೋಡಲು ಸಾಧ್ಯ? ಮೂರನೆಯ ತರಗತಿಯ ಮಗು ಮಾಡಬಹುದಾದ ಈ ಭಾಗಾಕಾರವನ್ನು ನಾವು ಸಮಾವೇಶದ ಹಿಂದಿನ ದಿನವೂ ಮಾಡಿರಲಿಲ್ಲ. ಸಂಖ್ಯೆ ಏರುತ್ತಿದ್ದುದನ್ನು ನೋಡುವುದರಲ್ಲೇ ಮೈಮರೆತಿದ್ದೆವು.

ಆ ಚಳಿಗಾಲವೆಲ್ಲ ನಾನು ಬೇರೆ ಊರುಗಳ ಸಮಾವೇಶಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಸ್ಯಾನ್ ಡಿಯಾಗೋದ ಕಾಮಿಕ್ ಕಾನ್ 1970ರಲ್ಲಿ ಒಂದು ಹೋಟೆಲಿನಲ್ಲಿ ಸುಮಾರು 300 ಜನರೊಂದಿಗೆ ನಡೆದಿತ್ತು. ಈಗ ಅಲ್ಲಿಗೆ ಬರುವವರು 1.3 ಲಕ್ಷಕ್ಕೂ ಹೆಚ್ಚು. ಎಲ್ಲರೂ ನೋಡಬಯಸುವ ದೊಡ್ಡ ಘೋಷಣೆಗಳು ನಡೆಯುವ ‘ಹಾಲ್ ಎಚ್’ನಲ್ಲಿ ಇರುವುದು ಸುಮಾರು 6,500 ಆಸನ. ಇಪ್ಪತ್ತು ಜನರಲ್ಲಿ ಒಬ್ಬರಿಗೆ ಜಾಗ. ಅದಕ್ಕಾಗಿ ಅಭಿಮಾನಿಗಳು ರಾತ್ರಿಯಿಡೀ ಬಯಲಿನಲ್ಲಿ ಮಲಗಿ ಕಾಯುತ್ತಾರೆ. ನಮ್ಮದು ಅದರ ನೂರನೆಯ ಒಂದು ಪಾಲೂ ಇಲ್ಲ. ಆದರೂ ಬಂದವರ ಪಾಡು ಒಂದೇ ಆಗಿತ್ತು.

ಹಾಗಾದರೆ ದೊಡ್ಡದಾದದ್ದೆಲ್ಲ ಕೆಡುತ್ತದೆಯೇ? ಅಲ್ಲ. ಇದನ್ನು ಒಪ್ಪಲು ನನಗೆ ಸಮಯ ಹಿಡಿಯಿತು, ಏಕೆಂದರೆ ಆ ಹೊತ್ತಿಗೆ ನಾನು ಜನಸಂದಣಿಯನ್ನೇ ದ್ವೇಷಿಸತೊಡಗಿದ್ದೆ. ಟೋಕಿಯೊದಲ್ಲಿ ಅಭಿಮಾನಿಗಳು ತಾವೇ ಮಾಡಿದ ಪುಸ್ತಕಗಳನ್ನು ಮಾರುವ ಮೇಳ ಕಾಮಿಕೆಟ್ 1975ರ ಡಿಸೆಂಬರಿನಲ್ಲಿ 32 ತಂಡಗಳು, ಸುಮಾರು 700 ಜನರೊಂದಿಗೆ ಶುರುವಾಯಿತು. 2019ರ ಬೇಸಿಗೆಯಲ್ಲಿ ನಾಲ್ಕು ದಿನಗಳ ಒಟ್ಟು ಲೆಕ್ಕ ಏಳು ಲಕ್ಷ ಮೀರಿತ್ತು. ಅಲ್ಲಿಯೂ ಉರಿಬಿಸಿಲಿನ ಸಾಲುಗಳಿವೆ. ಆದರೆ ಸಾಲಿನ ಕೊನೆಯಲ್ಲಿ ಇರುವುದು ಒಂದೇ ವೇದಿಕೆಯಲ್ಲ, ಸಾವಿರಾರು ಪುಟ್ಟ ಮೇಜುಗಳು. ಪ್ರತಿ ಮೇಜಿನ ಹಿಂದೆ ಹೆಚ್ಚಾಗಿ ತಾವೇ ಮಾಡಿದ ಪುಸ್ತಕ ಮಾರುವ ಒಬ್ಬರೋ ಇಬ್ಬರೋ ಕುಳಿತಿರುತ್ತಾರೆ. ಅಲ್ಲಿ ‘ಗ್ರಾಹಕರು’ ಎಂಬ ಮಾತನ್ನೇ ಒಪ್ಪುವುದಿಲ್ಲ. ಮಾರುವವರು, ಕೊಳ್ಳುವವರು, ದುಡಿಯುವ ಸ್ವಯಂಸೇವಕರು, ಎಲ್ಲರೂ ಪಾಲುಗಾರರು.

ಇದನ್ನು ಅಣ್ಣನಿಗೆ ಹೇಳಿದಾಗ ಅವರು, “ಅಷ್ಟು ದೂರ ಯಾಕೆ ಹೋಗುತ್ತೀಯ, ನಮ್ಮ ಹಾಕಿಯನ್ನು ನೋಡು” ಎಂದರು. ನಿಜ. ಕೊಡವ ಕುಟುಂಬಗಳ ಹಾಕಿ ಉತ್ಸವ 1997ರಲ್ಲಿ ಕರಡದಲ್ಲಿ 60 ತಂಡಗಳಿಂದ ಆರಂಭವಾಯಿತು. 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡಗಳು ಆಡಿದವು. ಸುಮಾರು ಒಂದು ತಿಂಗಳು ನಡೆದರೂ ಬಂದವರಿಗೆ ಬೇಸರವಿಲ್ಲ. ಏಕೆಂದರೆ ಪ್ರತಿ ತಂಡವೂ ಒಂದು ಒಕ್ಕ, ಎಂದರೆ ಒಂದು ಮನೆತನ. ಮನೆಯ ಹಿರಿಯರು, ಹೆಣ್ಣುಮಕ್ಕಳು, ಮಕ್ಕಳು ತಮ್ಮವರ ಆಟದ ದಿನ ಬರುತ್ತಾರೆ, ಬದಿಯಲ್ಲಿ ನಿಂತು ತಮ್ಮವರನ್ನೇ ಹೆಸರು ಹಿಡಿದು ಕೂಗುತ್ತಾರೆ, ಬಂಧುಗಳನ್ನು ಮಾತನಾಡಿಸಿ ಹೋಗುತ್ತಾರೆ. ಆಯಾ ವರ್ಷದ ಉತ್ಸವದ ಹೊಣೆ ಒಂದು ಕುಟುಂಬದ್ದು. ಉತ್ಸವ ದೊಡ್ಡದಾದಾಗ ಒಕ್ಕಗಳ ಸಂಖ್ಯೆ ಹೆಚ್ಚಿತೇ ಹೊರತು ಒಕ್ಕ ದೊಡ್ಡದಾಗಲಿಲ್ಲ. ನಾವು ಮಾಡಿದ್ದು ತದ್ವಿರುದ್ಧ. ಒಂದೇ ವೇದಿಕೆ, ಒಬ್ಬರೇ ಅತಿಥಿ, ಅವರ ಸುತ್ತ ಸಾವಿರದ ನೂರು ಜನ.

2024ರಲ್ಲಿ ನಾವು ಎಲ್ಲವನ್ನೂ ಬದಲಿಸಿದೆವು. ವಿರಾಜಪೇಟೆ, ಸೋಮವಾರಪೇಟೆ, ಮಡಿಕೇರಿ, ಮೂರು ಕಡೆ ಮೂರು ಭಾನುವಾರ. ಒಂದೊಂದು ಕಡೆಯೂ 120 ಜನರಿಗಿಂತ ಹೆಚ್ಚಿಲ್ಲ. ಬರುವವರು ಏನಾದರೂ ತರಲೇಬೇಕು: ತಮ್ಮ ಚಿತ್ರ, ಬದಲಿಸಿಕೊಳ್ಳಲು ಹಳೆಯ ಪುಸ್ತಕ, ಬರೆದ ಅರ್ಧ ಕಥೆ, ಏನೂ ಇಲ್ಲದಿದ್ದರೆ ಒಂದು ಕಾಗದದಲ್ಲಿ ಬರೆದ ಪ್ರಶ್ನೆ. ವೇದಿಕೆ ತೆಗೆದೆವು. ಶಾಲೆಯ ಊಟದ ಮೇಜುಗಳನ್ನು ತಂದು ಇಟ್ಟೆವು. ಅತಿಥಿಯೂ ಒಂದು ಮೇಜಿನಲ್ಲೇ ಕುಳಿತರು, ನಲವತ್ತು ನಿಮಿಷಕ್ಕೆ ಎಂಟು ಜನರಂತೆ, ಚೀಟಿ ಎತ್ತಿ. ದಿನಕ್ಕೆ ಆರು ಸುತ್ತು, 48 ಜನ. ಚೀಟಿ ಸಿಗದವರಿಗೆ ಬೆಳಿಗ್ಗೆ ಹತ್ತಕ್ಕೇ ಅದು ಗೊತ್ತಾಗುತ್ತದೆ, ಉಳಿದ ದಿನ ಅವರದೇ. ಮೂರನೆಯ ವರ್ಷ ರೇಖಾಚಿತ್ರ ಪಡೆದ 67 ಜನರಿಗಿಂತ ಇದು ಕಡಿಮೆ ಎಂದು ಕೆಲವರು ಹೇಳಿದರು. ಆದರೆ ನಾಲ್ಕು ನಿಮಿಷದ ಮೌನಕ್ಕೂ ನಲವತ್ತು ನಿಮಿಷದ ಮಾತಿಗೂ ಹೋಲಿಕೆಯೇ ಇಲ್ಲ ಎಂದು ನಾನು ನಂಬುತ್ತೇನೆ. ಬಾಗಿಲಲ್ಲಿ ಮೊಬೈಲ್ ಇಲ್ಲ, ಕಾಗದದ ಪಟ್ಟಿ ಮತ್ತು ಪೆನ್ಸಿಲು. ಇಪ್ಪತ್ತೈದು ನಿಮಿಷದಲ್ಲಿ ಎಲ್ಲರೂ ಒಳಗಿದ್ದರು.

ಎಲ್ಲಕ್ಕಿಂತ ಕಷ್ಟವಾದದ್ದು ಯಾರನ್ನು ಬಿಡುವುದು ಎಂಬುದು. ಮೊದಲು ಬಂದವರಿಗೆ ಮೊದಲು ಎಂಬ ನಿಯಮ ನ್ಯಾಯವಾಗಿ ಕಾಣುತ್ತದೆ. ಆದರೆ ಅಂತರ್ಜಾಲದಲ್ಲಿ ನೋಂದಣಿ ತೆರೆದ ಅರ್ಧ ಗಂಟೆಯಲ್ಲಿ ತುಂಬಿದವರು ವೇಗದ ಸಂಪರ್ಕವಿರುವ ಪಟ್ಟಣದವರು. ಸಿದ್ದಾಪುರದ ಲೈನ್‌ಮನೆಯ ಹುಡುಗನ ಅಪ್ಪನ ಮೊಬೈಲ್ ಅಪ್ಪನ ಜೊತೆ ಕೆಲಸಕ್ಕೆ ಹೋಗಿರುತ್ತದೆ. ಯಾರಿಗಾಗಿ ಇದನ್ನು ಶುರುಮಾಡಿದೆವೋ ಅವರೇ ಹೊರಗುಳಿಯುತ್ತಿದ್ದರು. ಆದ್ದರಿಂದ ಅರ್ಧ ಜಾಗಗಳನ್ನು ಶಾಲೆಗಳ ಮೂಲಕ ಕಾಗದದ ಅರ್ಜಿಗೆ ಮೀಸಲಿಟ್ಟೆವು, ಉಳಿದರ್ಧಕ್ಕೆ ಲಾಟರಿ ಎತ್ತಿದೆವು. ಬೆಂಗಳೂರಿನ ಒಬ್ಬರು ಇದು ಅನ್ಯಾಯ ಎಂದು ನೊಂದು ಬರೆದರು. ಮೂರು ವರ್ಷವೂ ಬಂದಿದ್ದವರು ಅವರು. ಅವರಿಗೆ ನಾನು ದೀರ್ಘ ಉತ್ತರ ಬರೆದೆ, ಆದರೂ ಅವರ ನೋವು ಸುಳ್ಳಲ್ಲ. ಜಾಗಕ್ಕೆ ಮಿತಿ ಹಾಕಿದ ಮೇಲೆ ಯಾರಿಗಾದರೂ ಬಾಗಿಲು ಮುಚ್ಚುತ್ತದೆ.

ಹಣದ ಮಾತು ಬೇಗ ಮುಗಿಸುತ್ತೇನೆ. ಜನ ಕಡಿಮೆಯಾದಾಗ ಮಳಿಗೆ ಹಾಕುವವರೂ ಪ್ರಾಯೋಜಕರೂ ಹಿಂದೆ ಸರಿದರು. ತಲೆಗೆ 150 ರೂಪಾಯಿ ಶುಲ್ಕ, ಮಕ್ಕಳಿಗೆ ಉಚಿತ, ಊಟ ಮನೆಮನೆಯಿಂದ. ಸಣ್ಣ ಮೊತ್ತ ಕೈಯಿಂದ ಹೋಯಿತು.

ಸೋಮವಾರಪೇಟೆಯ ಭಾನುವಾರ ಆ ಹುಡುಗಿ ಬಂದಿದ್ದಳು. ಅವಳಿಗೆ ಅತಿಥಿಯ ಮೇಜಿನ ಚೀಟಿ ಸಿಗಲಿಲ್ಲ. ನಾನೇ ಹೋಗಿ ನಿಯಮ ಮುರಿಯಲೇ ಎಂದು ಒಂದು ಕ್ಷಣ ಯೋಚಿಸಿದೆ, ಮುರಿಯಲಿಲ್ಲ. ಅವಳು ತನ್ನದೇ ಮೇಜು ಹಾಕಿ ಪುಸ್ತಕದ ಜೆರಾಕ್ಸ್ ಪ್ರತಿಗಳನ್ನು ಹತ್ತು ರೂಪಾಯಿಗೊಂದರಂತೆ ಇಟ್ಟಿದ್ದಳು. ಮಧ್ಯಾಹ್ನ ಅತಿಥಿ ಬೆಲ್ಲದ ಕಾಫಿಯ ಲೋಟ ಹಿಡಿದು ಮೇಜುಗಳ ನಡುವೆ ಅಡ್ಡಾಡುತ್ತ ಅಲ್ಲಿಯೇ ನಿಂತು ಒಂದು ಪ್ರತಿ ಕೊಂಡರು. ಓಡುವ ಕುದುರೆಯ ಕಾಲುಗಳನ್ನು ಹೇಗೆ ಬರೆದೆ ಎಂದು ಅವಳನ್ನೇ ಕೇಳಿದರು.

ಆದರೂ ಒಂದು ಕೊರತೆ ಉಳಿದಿದೆ, ಅದನ್ನು ಮುಚ್ಚಿಡಲಾರೆ. ಕಾಸ್‌ಪ್ಲೇ ಮಾಡುವ, ಎಂದರೆ ಕಥೆಯ ಪಾತ್ರಗಳ ವೇಷ ಹಾಕಿ ಬರುವ, ಹುಡುಗರಿಗೆ ಈ ಹೊಸ ಕ್ರಮ ಹಿಡಿಸಿಲ್ಲ. ಗೋಣಿಕೊಪ್ಪದ ಒಬ್ಬ ಯುವಕ ಅಡಿಕೆ ಹಾಳೆಯನ್ನು ನೆನೆಸಿ, ಬಗ್ಗಿಸಿ, ಬಣ್ಣ ಹಚ್ಚಿ ಎರಡು ತಿಂಗಳು ಕೂತು ಕವಚ ಮಾಡಿದ್ದ. ಮೂರನೆಯ ವರ್ಷ ಅವನು ಒಳಗೆ ಕಾಲಿಟ್ಟಾಗ ಸಭಾಂಗಣವೇ ಎದ್ದು ಚಪ್ಪಾಳೆ ತಟ್ಟಿತ್ತು. “ಸರ್, ನಿಮ್ಮ ಮೇಜುಗಳ ನಡುವೆ ಕವಚ ಹಾಕಿಕೊಂಡು ನಾನು ಕುಳಿತುಕೊಳ್ಳಲೂ ಆಗುವುದಿಲ್ಲ” ಎಂದ. ಅವನು ಹೇಳುವುದು ಸರಿ. ಓದುವವನಿಗೆ ಎಂಟು ಜನ ಸಾಕು, ವೇಷ ಕಟ್ಟುವವನಿಗೆ ಬೀದಿ ತುಂಬ ಜನ ಬೇಕು.

ಮಡಿಕೇರಿ ದಸರಾದ ರಾತ್ರಿ ದಶಮಂಟಪಗಳು, ಹತ್ತು ದೇವಾಲಯಗಳ ಅಲಂಕೃತ ಮಂಟಪಗಳು, ಬೀದಿಗಿಳಿಯುತ್ತವೆ. ಜನ ರಸ್ತೆಯ ಉದ್ದಕ್ಕೂ ಹರಡಿಕೊಂಡಿರುತ್ತಾರೆ, ಮಂಟಪಗಳು ಅವರಿದ್ದಲ್ಲಿಗೆ ಬರುತ್ತವೆ. ಆ ಕ್ರಮವನ್ನೇ ಸಣ್ಣದಾಗಿ ಅನುಸರಿಸಿ, ಮೂರು ಭಾನುವಾರಗಳು ಮುಗಿದ ಮೇಲೆ ಒಂದು ಸಂಜೆ ವೇಷಧಾರಿಗಳ ಮೆರವಣಿಗೆ ಮಾಡೋಣ ಎಂದುಕೊಂಡಿದ್ದೇವೆ. ನೋಂದಣಿ ಇಲ್ಲ, ಟಿಕೆಟ್ ಇಲ್ಲ, ಸಾಲೂ ಇಲ್ಲ. ಗೋಣಿಕೊಪ್ಪದ ಯುವಕನೇ ಮುಂದಾಳು. ಈ ಬಾರಿ ಮೊದಲು ರಸ್ತೆಯ ಅಗಲ ಅಳೆದು, ಎಲ್ಲೆಲ್ಲಿ ಎಷ್ಟು ಜನ ನಿಲ್ಲಬಹುದು ಎಂದು ಚಿತ್ರ ಬರೆದು, ಆಮೇಲೆ ಪೊಲೀಸ್ ಅನುಮತಿಗೆ ಅರ್ಜಿ ಹಾಕಿದ್ದೇನೆ.